ಜೀಕುವುದನ್ನು ಬಿಟ್ಟರೆ ಜೋಕಾಲಿ ತಾನೇ ನಿಲ್ಲುತ್ತದೆ: ಹೊಸದಾಗಿ ಧ್ಯಾನಕ್ಕೆ ಕೂರುವವರಿಗೆ

"ಮೇಡಂ, ಕಣ್ಣು ಮುಚ್ಚಿದ್ರ ಸಾಕ್ರಿ, ಇಲ್ಲದ ವಿಚಾರ ಎಲ್ಲಾ ಬರ್ತಾವ್ರಿ. ನನಗ ಇದು ಆಗೂದಲ್ಲ ಬಿಡ್ರಿ."

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗನೊಬ್ಬ ಹೇಳಿದ ಮಾತಿದು. ಹಾವೇರಿ ಕಡೆಯ ಹಳ್ಳಿಯವನು. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಹದಿನೈದು ವರ್ಷದಿಂದ ದಿನಾ ಬೆಳಿಗ್ಗೆ ಧ್ಯಾನಕ್ಕೆ ಕೂರುತ್ತೇನೆ. ಹಾಗಾಗಿ ಓಣಿಯ ಹುಡುಗರು ಆಗಾಗ ಇಂಥ ಪ್ರಶ್ನೆ ತರುತ್ತಾರೆ.

ಅವನನ್ನು ಒಂದೇ ಮಾತು ಕೇಳಿದೆ. "ನಿಮ್ಮೂರಾಗ ಪಂಚಮಿಗೆ ಜೋಕಾಲಿ ಕಟ್ತಾರಲ್ಲಪಾ, ಅದನ್ನ ನಿಲ್ಲಸೂದು ಹೆಂಗ?"

"ಜೀಕೂದು ಬಿಟ್ರ ತಾನ ನಿಲ್ತೈತ್ರಿ."

"ಹಂಗಾದ್ರ ಕೂಡು, ಅದನ್ನ ಮಾಡೋಣ."

ಆವತ್ತು ಅವನಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆದಿದ್ದೇನೆ. ಭೌತಶಾಸ್ತ್ರವೂ ಮಿದುಳಿನ ವಿಜ್ಞಾನವೂ ಜೊತೆಗೆ ಬರುತ್ತವೆ. ಆದರೆ ಕೂತು ಮಾಡುವ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ.

ಕ್ವಾಂಟಮ್ ಹೆಸರಿಗೆ ದುಡ್ಡು ಕೊಡಬೇಡಿ

ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ನನ್ನ ಫೋನಿಗೆ ವಾರಕ್ಕೊಂದು ಇಂಥ ವಿಡಿಯೋ ಬರುತ್ತದೆ. "ನೋಡುವವನಿಂದಲೇ ಕಣದ ಸ್ಥಿತಿ ಬದಲಾಗುತ್ತದೆ, ಹಾಗಾಗಿ ಧ್ಯಾನದಿಂದ ನಿಮ್ಮ ಜಗತ್ತನ್ನೇ ಬದಲಿಸಬಹುದು" ಎನ್ನುತ್ತಾರೆ. ಇದು ತಪ್ಪು. ಕ್ವಾಂಟಮ್ ಅಂದರೆ ಅತಿ ಸಣ್ಣ ಕಣಗಳ ಭೌತಶಾಸ್ತ್ರ. ಅದರ ಪ್ರಯೋಗದಲ್ಲಿ "ನೋಡುವುದು" ಅಂದರೆ ಮನಸ್ಸಿಟ್ಟು ನೋಡುವುದಲ್ಲ, ಒಂದು ಅಳತೆಯ ಸಾಧನ ಆ ಕಣವನ್ನು ತಾಕುವುದು. ಲ್ಯಾಬಿನಲ್ಲಿ ಯಾರೂ ಇಲ್ಲದಿದ್ದರೂ ಫಲಿತಾಂಶ ಅದೇ.

ಇನ್ನೊಂದು ಮಾತು, ನಮ್ಮ ಮಿದುಳು ಬೆಚ್ಚಗಿದೆ, ಒದ್ದೆಯಾಗಿದೆ. ಸೂಕ್ಷ್ಮವಾದ ಕ್ವಾಂಟಮ್ ಸ್ಥಿತಿ ಅಂಥ ಕಡೆ ಬಾಳುವುದು ಕಷ್ಟ. ಮ್ಯಾಕ್ಸ್ ಟೆಗ್‌ಮಾರ್ಕ್ ಎಂಬ ಭೌತವಿಜ್ಞಾನಿ 2000ರಲ್ಲಿ ಇದರ ಲೆಕ್ಕ ಹಾಕಿದರು. ಒಂದು ಸೆಕೆಂಡನ್ನು ಹತ್ತು ಲಕ್ಷ ಕೋಟಿ ಚೂರು ಮಾಡಿದರೆ ಅದರ ಒಂದು ಚೂರಿನಷ್ಟು ಹೊತ್ತೂ ಅದು ಉಳಿಯುವುದು ಕಷ್ಟ ಎಂದು ತೋರಿಸಿದರು. ನರಕೋಶವೊಂದು ಒಮ್ಮೆ ಮಿಡಿಯಲು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಬೇಕು. ಅಂದರೆ ನರಕೋಶ ಮಿಡಿಯುವ ಬಹಳ ಮೊದಲೇ ಆ ಸ್ಥಿತಿ ಅಳಿದುಹೋಗಿರುತ್ತದೆ.

ಧ್ಯಾನಕ್ಕೆ ಬೇಕಾದ ಭೌತಶಾಸ್ತ್ರ ಶಾಲೆ, ಪಿಯು ಪುಸ್ತಕಗಳಲ್ಲೇ ಇದೆ. ಜಡತ್ವ, ಗುರುತ್ವಕೇಂದ್ರ, ಲೋಲಕ (ಜೋಕಾಲಿಯಂತೆ ತೂಗುವ ವಸ್ತು), ಅನುರಣನೆ. ಇವನ್ನು ನಾನು ಹೋಲಿಕೆಯಾಗಿ ಬಳಸುತ್ತೇನೆ. ವಿಚಾರ ಅನ್ನುವುದು ನಿಜವಾದ ಲೋಲಕವಲ್ಲ. ಉಸಿರು ಮತ್ತು ಹೃದಯದ ವಿಷಯದಲ್ಲಿ ಮಾತ್ರ ಅದು ಬರೀ ಹೋಲಿಕೆಯಲ್ಲ, ಮುಂದೆ ಹೇಳುತ್ತೇನೆ.

ಮೊದಲನೆಯದು: ಕೂರುವುದು

ದಿನಾ ಒಂದೇ ಹೊತ್ತು, ಒಂದೇ ಜಾಗ, 10 ನಿಮಿಷ. ಊಟಕ್ಕೆ ಮೊದಲು. ಫೋನಿನಲ್ಲಿ ಮೆತ್ತಗಿನ ಅಲಾರಂ ಇಟ್ಟು ದೂರ ಇಡಿ. ಪೂರ್ತಿ ನಿಶ್ಶಬ್ದ ಬೇಕಿಲ್ಲ. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಕೂಗಲಿ.

ಒಂದು ಕೌದಿಯನ್ನು ನಾಲ್ಕು ಬೆರಳು ಎತ್ತರ ಬರುವಂತೆ ಮಡಚಿ. ಅದರ ಅಂಚಿನ ಮೇಲೆ ಕುಂಡಿ ಇಟ್ಟು ಕೂತುಕೊಳ್ಳಿ. ಮಂಡಿಗಳು ನೆಲದ ಕಡೆ ಇಳಿಯಲಿ. ಈಗ ಎರಡು ಮಂಡಿ ಮತ್ತು ಕುಂಡಿ ಸೇರಿ ಮೂರು ಊರುವ ಕಾಲು ಆಯಿತು. ಗೌಂಡಿಗಳು ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾರಲ್ಲ, ಹಾಗೆ ನಿಮ್ಮ ಮೈಯ ಭಾರದ ಗೆರೆ ಆ ಮೂರು ಕಾಲುಗಳ ನಡುವೆ ಬೀಳಬೇಕು. ಆಗ ಮೈಯನ್ನು ಹಿಡಿದು ನಿಲ್ಲಿಸಲು ಸ್ನಾಯುಗಳು ದುಡಿಯಬೇಕಿಲ್ಲ. ಎಲುಬೇ ಭಾರ ಹೊರುತ್ತದೆ.

ತಲೆಯ ತೂಕ ಸುಮಾರು 5 ಕಿಲೋ. ಸಿಂಬಿ ಇಟ್ಟು ಕೊಡ ಹೊತ್ತು ಬರುವ ಹೆಣ್ಣುಮಕ್ಕಳನ್ನು ನೆನೆಯಿರಿ. ಕೊಡ ನೇರ ಬೆನ್ನೆಲುಬಿನ ಮೇಲಿದ್ದರೆ ಮೈಲಿಗಟ್ಟಲೆ ನಡೆಯಬಹುದು. ನಾಲ್ಕು ಬೆರಳು ಮುಂದಕ್ಕೆ ವಾಲಿದರೆ ಕುತ್ತಿಗೆ ನೋಯುತ್ತದೆ. ಓದಿ ಓದಿ ನಮ್ಮ ಹುಡುಗರ ತಲೆ ಯಾವಾಗಲೂ ಮುಂದಕ್ಕೇ ಇರುತ್ತದೆ. ಗದ್ದವನ್ನು ಒಂದಿಷ್ಟು ಒಳಗೆ ಎಳೆದುಕೊಳ್ಳಿ, ಸಾಕು.

ಮಂಡಿ ನೋವಿದ್ದವರು ಕುರ್ಚಿಯ ಮೇಲೆ ಕೂರಿ. ಬೆನ್ನು ಒರಗಿಸದೆ, ಪಾದ ಪೂರ್ತಿ ನೆಲಕ್ಕೆ ಊರಿ. ಫಲ ಕಡಿಮೆ ಆಗುವುದಿಲ್ಲ.

ಎರಡನೆಯದು: ಎರಡು ನಿಮಿಷ ಏನೂ ಮಾಡಬೇಡಿ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವ ಚಿಗರಿ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದವರಿಗೆ ಇದು ಗೊತ್ತು. ಡ್ರೈವರ್ ಬ್ರೇಕ್ ಹಾಕಿದ ಕೂಡಲೇ ಬಸ್ಸು ನಿಲ್ಲುತ್ತದೆ, ನಾವು ಮುಂದಕ್ಕೆ ವಾಲುತ್ತೇವೆ. ಬಸ್ಸಿನ ಮೇಲೆ ಬ್ರೇಕಿನ ಬಲ ಬಿತ್ತು. ನಮ್ಮ ಮೈಗೆ ಅದೇ ವೇಗದಲ್ಲಿ ಹೋಗುವ ಗುಣ ಇನ್ನೂ ಉಳಿದಿತ್ತು. ಇದೇ ಜಡತ್ವ, ನ್ಯೂಟನ್ನನ ಮೊದಲ ನಿಯಮ.

ಧ್ಯಾನಕ್ಕೆ ಕೂತಾಗಲೂ ನಮಗೆ ಹಾಗೇ ಅನಿಸುತ್ತದೆ. ಮೈ ನಿಂತಿತು, ತಲೆ ಇನ್ನೂ ಓಡುತ್ತಿದೆ. "ಧ್ಯಾನಕ್ಕೆ ಕೂತ ಮೇಲೆ ವಿಚಾರ ಜಾಸ್ತಿ ಆಯಿತು" ಎಂದು ಎಲ್ಲರೂ ಹೇಳುವುದು ಇದಕ್ಕೇ. ವಿಚಾರ ಜಾಸ್ತಿ ಆಗಿಲ್ಲ. ಮೈ ನಿಂತದ್ದರಿಂದ ಓಟ ಈಗ ಕಾಣಿಸಿತು, ಅಷ್ಟೇ. ಎರಡು ನಿಮಿಷ ಸುಮ್ನೆ ಬಿಡಿ. ಕೆಲಸ ಶುರು ಮಾಡಬೇಡಿ.

ಮೂರನೆಯದು: ಉಸಿರಿಗೆ ಹೃದಯದ ತಾಳ

ಈಗ 4 ಎಣಿಸುವವರೆಗೆ ಉಸಿರು ಒಳಗೆ, 6 ಎಣಿಸುವವರೆಗೆ ಹೊರಗೆ. ಒಂದು ಎಣಿಕೆಗೆ ಒಂದು ಸೆಕೆಂಡು. ಅಂದರೆ ನಿಮಿಷಕ್ಕೆ 6 ಉಸಿರು. ಸಾಮಾನ್ಯವಾಗಿ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ, ಹಾಗಾಗಿ ಮೊದಲು ಒಂಚೂರು ಬಿಗಿ ಅನಿಸಬಹುದು. ದಮ್ಮು ಕಟ್ಟಬೇಡಿ. ಕಷ್ಟವಾದರೆ 3 ಒಳಗೆ, 4 ಹೊರಗೆ ಎಂದು ಶುರು ಮಾಡಿ.

ಯಾಕೆ ಆರೇ? ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿ ನೋಡಿಕೊಳ್ಳಿ. ಉಸಿರು ಒಳಗೆ ಬರುವಾಗ ನಾಡಿ ಒಂದಿಷ್ಟು ಚುರುಕಾಗುತ್ತದೆ, ಹೊರಗೆ ಹೋಗುವಾಗ ನಿಧಾನವಾಗುತ್ತದೆ. ನಿಧಾನ ಮಾಡುವುದು ವೇಗಸ್ ಎಂಬ ನರ. ಮಿದುಳಿನ ಬುಡದಿಂದ ಹೊರಟು ಹೃದಯ, ಹೊಟ್ಟೆಯವರೆಗೆ ಇಳಿಯುವ ಉದ್ದನೆಯ ನರ ಅದು. ಉಸಿರು ಬಿಡುವ ಹೊತ್ತು ಉದ್ದವಾದಷ್ಟೂ ಅದಕ್ಕೆ ಕೆಲಸ ಮಾಡಲು ಸಮಯ ಸಿಗುತ್ತದೆ.

ಇದರ ಜೊತೆ ಇನ್ನೊಂದು ಏರ್ಪಾಡು ಇದೆ. ಕುತ್ತಿಗೆಯ ರಕ್ತನಾಳದಲ್ಲೂ ಹೃದಯದ ಹತ್ತಿರದ ದೊಡ್ಡ ನಾಳದಲ್ಲೂ ರಕ್ತದ ಒತ್ತಡ ಅಳೆಯುವ ನರತುದಿಗಳಿವೆ. ಒತ್ತಡ ಏರಿದರೆ ಮಿದುಳಿಗೆ ಸುದ್ದಿ ಹೋಗುತ್ತದೆ, ಹೃದಯ ನಿಧಾನವಾಗುತ್ತದೆ, ಒತ್ತಡ ಇಳಿಯುತ್ತದೆ. ಇಳಿದರೆ ಮತ್ತೆ ಸುದ್ದಿ. ಹೋಗಿ ಬರಲು ಒಂದಿಷ್ಟು ಹೊತ್ತು ಹಿಡಿಯುವುದರಿಂದ ಈ ಏರಿಳಿತ ತಾನೇ ಒಂದು ಜೋಕಾಲಿ ಆಗುತ್ತದೆ. ಅದರ ಒಂದು ತೂಗಿಗೆ ಸುಮಾರು 10 ಸೆಕೆಂಡು. ನೀವೂ 10 ಸೆಕೆಂಡಿಗೊಂದು ಉಸಿರು ತೆಗೆದುಕೊಂಡರೆ ಸರಿಯಾದ ಹೊತ್ತಿಗೆ ಮೆಲ್ಲಗೆ ದೂಡಿದಂತೆ. ಸಣ್ಣ ದೂಡಿಕೆಗೇ ದೊಡ್ಡ ತೂಗು ಬರುತ್ತದೆ. ಇದೇ ಅನುರಣನೆ. ಇಲ್ಲಿ ಮಾತ್ರ ಅದು ಹೋಲಿಕೆಯಲ್ಲ, ಅಳೆದು ನೋಡಬಹುದಾದ ಸಂಗತಿ. ಕೆಲವರಿಗೆ ನಿಮಿಷಕ್ಕೆ 6 ಉಸಿರು, ಕೆಲವರಿಗೆ ಐದೂವರೆ ಸರಿಹೊಂದಬಹುದು. ಯಾವುದು ಹಿತವೋ ಅದನ್ನು ಹಿಡಿಯಿರಿ.

ನನ್ನ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಕೊಡುತ್ತಿದ್ದೆ. ಬೇವಿನ ಮರಕ್ಕೆ 15 ಅಡಿ ಹಗ್ಗದ ಜೋಕಾಲಿ ಕಟ್ಟಿದರೆ ಹೋಗಿ ಬರಲು ಸುಮಾರು 4.3 ಸೆಕೆಂಡು. 10 ಸೆಕೆಂಡಿಗೊಮ್ಮೆ ತೂಗುವ ಜೋಕಾಲಿ ಬೇಕಾದರೆ ಹಗ್ಗ ಎಷ್ಟಿರಬೇಕು? ಸುಮಾರು 25 ಮೀಟರ್, ಅಂದರೆ 80 ಅಡಿಗೂ ಜಾಸ್ತಿ. ಅಷ್ಟು ಎತ್ತರದ ಕೊಂಬೆಯಿಂದ ಇಳಿಬಿದ್ದ ಜೋಕಾಲಿ ಎಷ್ಟು ನಿಧಾನ ತೂಗುತ್ತದೆ ಎಂದು ಕಣ್ಣಿಗೆ ತಂದುಕೊಳ್ಳಿ. ಉಸಿರು ಆ ನಿಧಾನದಲ್ಲಿರಲಿ.

ಮಂತ್ರ ಹೇಳುವವರು ಇದನ್ನು ಗೊತ್ತಿಲ್ಲದೆಯೇ ಮಾಡುತ್ತಾ ಬಂದಿದ್ದಾರೆ. 2001ರಲ್ಲಿ ಇಟಲಿಯ ಲುಸಿಯಾನೊ ಬರ್ನಾರ್ಡಿ ಮತ್ತು ಜೊತೆಗಾರರು ಇದನ್ನು ಪರೀಕ್ಷೆ ಮಾಡಿದರು. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯಲ್ಲೂ, "ಓಂ ಮಣಿ ಪದ್ಮೇ ಹುಂ" ಮಂತ್ರದಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೇ ಇಳಿದಿತ್ತು. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ "ಓಂ ನಮಃ ಶಿವಾಯ" ಕೇಳಿ ಬೆಳೆದವರು ಎಣಿಕೆ ಬಿಟ್ಟು ಅದನ್ನೇ ಉಸಿರಿಗೆ ಹೊಂದಿಸಿಕೊಳ್ಳಬಹುದು. ನಾನು ಹಾಗೇ ಮಾಡುತ್ತೇನೆ.

ಮೂರು ನಿಮಿಷ ಹೀಗೆ. ಆಮೇಲೆ ಎಣಿಕೆ ಬಿಡಿ. ಉಸಿರು ತನ್ನ ಪಾಡಿಗೆ ನಡೆಯಲಿ.

ನಾಲ್ಕನೆಯದು: ಜೋಕಾಲಿ

ಇದೇ ಮುಖ್ಯ ಕೆಲಸ.

ಮೂಗಿನ ತುದಿಯಲ್ಲಿ ಉಸಿರು ತಾಕುವ ಜಾಗವನ್ನು ಗಮನಿಸಿ. ಒಳಗೆ ಬರುವಾಗ ತಂಪು, ಹೊರಗೆ ಹೋಗುವಾಗ ಬೆಚ್ಚಗೆ. ಎರಡು ಉಸಿರು, ಮೂರು ಉಸಿರು. ಅಷ್ಟರಲ್ಲಿ ನೀವು ಅಲ್ಲಿರುವುದಿಲ್ಲ. ಊರಿನ ಸಾಲ, ಮದುವೆಮನೆಯಲ್ಲಿ ಯಾರೋ ಆಡಿದ ಮಾತು, ನಾಳಿನ ಟೆಸ್ಟು. ಇದ್ದಕ್ಕಿದ್ದಂತೆ ಎಚ್ಚರವಾಗುತ್ತದೆ, "ಅರೆ, ನಾನು ಎಲ್ಲೋ ಹೋಗಿದ್ದೆ."

ಆ ಎಚ್ಚರದ ಗಳಿಗೆಯಲ್ಲಿ ನೀವು ಏನು ಮಾಡುತ್ತೀರಿ ಎನ್ನುವುದರ ಮೇಲೆ ಎಲ್ಲಾ ನಿಂತಿದೆ.

ಹೆಚ್ಚಿನವರು ಸಿಟ್ಟು ಮಾಡಿಕೊಳ್ಳುತ್ತಾರೆ, "ಥೂ, ಮತ್ತೆ ಹೋಯಿತು." ಅದು ಓಡುವ ಜೋಕಾಲಿಯ ಎದುರು ನಿಂತು ಹಿಡಿಯಲು ಹೋದಂತೆ. ಎದೆಗೆ ಬಡಿಯುತ್ತದೆ. ಇನ್ನು ಕೆಲವರು ಆ ವಿಚಾರಕ್ಕೆ ಉತ್ತರ ಹುಡುಕಲು ಕೂರುತ್ತಾರೆ. ಅದು ಜೀಕಿದಂತೆ. ಎರಡರಿಂದಲೂ ಜೋಕಾಲಿಗೆ ಹೊಸ ಬಲ ಸಿಗುತ್ತದೆ.

ಹಾಗಾದರೆ ಮಾಡುವುದೇನು? "ವಿಚಾರ" ಎಂದು ಮನಸ್ಸಿನಲ್ಲೇ ಒಂದು ಸಲ ಹೆಸರಿಡಿ. ಮೂಗಿನ ತುದಿಗೆ ಬನ್ನಿ. ಅಷ್ಟೇ. ವಿಚಾರ ಮತ್ತೆ ಬರುತ್ತದೆ, ಬರಲಿ. ಜೋಕಾಲಿ ಪ್ರತಿ ತೂಗಿಗೂ ಗಾಳಿಗೆ, ಕೊಂಬೆಗೆ ಉಜ್ಜುವ ಹಗ್ಗಕ್ಕೆ ತನ್ನ ಶಕ್ತಿಯ ಒಂದು ಪಾಲು ಕಳೆದುಕೊಳ್ಳುತ್ತದೆ. ಹೊಸದಾಗಿ ಯಾರೂ ದೂಡದಿದ್ದರೆ ಇಳಿಯಲೇಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. ಪ್ರತಿ ತೂಗಿಗೂ ಹೋಗುವುದು ಒಂದು ಪಾಲು. ಹಾಗಾಗಿ ದೊಡ್ಡ ತೂಗು ಬೇಗ ಇಳಿಯುತ್ತದೆ, ಕೊನೆಯ ಸಣ್ಣ ಅಲುಗಾಟ ಬಹಳ ಹೊತ್ತು ಉಳಿಯುತ್ತದೆ. ಖಾಲಿ ಜೋಕಾಲಿ ಗಾಳಿಗೂ ಒಂಚೂರು ಆಡುತ್ತಿರುತ್ತದೆ. "ವಿಚಾರವೇ ಇರಬಾರದು" ಎಂದು ಹಟ ಹಿಡಿದು ಕೂತವರು ಆ ಕೊನೆಯ ಅಲುಗಾಟಕ್ಕೆ ಜಗಳ ತೆಗೆದು ಮತ್ತೆ ಜೋರಾಗಿ ಜೀಕಿಬಿಡುತ್ತಾರೆ. ನಾನೂ ಮೊದಲ ಎರಡು ವರ್ಷ ಹೀಗೇ ಮಾಡಿದೆ.

ನಮ್ಮ ಅವ್ವ ತೀರಿಕೊಂಡ ವರ್ಷ ನನಗೆ ಇದು ಸರಿಯಾಗಿ ತಿಳಿಯಿತು. ಕಣ್ಣು ಮುಚ್ಚಿದರೆ ಒಂದೇ ವಿಚಾರ, "ಒಂದು ದಿನ ಮೊದಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೆ." ಅದರ ಬೆನ್ನಿಗೇ ನಾನು ಲೆಕ್ಕ ಹಾಕುತ್ತಿದ್ದೆ. ಸೋಮವಾರ ಕೆಮ್ಮಿದ್ದಳು, ಮಂಗಳವಾರ ಊಟ ಬಿಟ್ಟಳು, ನನಗೆ ಯಾಕೆ ತಿಳಿಯಲಿಲ್ಲ. ಮೊದಲ ವಿಚಾರ ತಾನಾಗಿ ಬಂದದ್ದು. ಅದರ ಹಿಂದಿನ ಲೆಕ್ಕವೆಲ್ಲ ನಾನು ಜೀಕಿದ್ದು. ಆ ಎರಡರ ನಡುವೆ ಒಂದು ಸಣ್ಣ ಸಂದು ಇದೆ ಎಂದು ಕಂಡದ್ದು ತಿಂಗಳುಗಟ್ಟಲೆ ಕೂತ ಮೇಲೆ. ಇವತ್ತಿಗೂ ಆ ಮೊದಲ ವಿಚಾರ ಬರುತ್ತದೆ. ಕಣ್ಣಲ್ಲಿ ನೀರೂ ಬರುತ್ತದೆ. ಲೆಕ್ಕ ಹಾಕುವುದು ಮಾತ್ರ ನಿಂತಿದೆ.

ಆಗ ತಲೆಯೊಳಗೆ ಏನಾಗುತ್ತದೆ

ಮಿದುಳು ನಮ್ಮ ತೂಕದ ನೂರಕ್ಕೆ 2 ಪಾಲು. ಆದರೆ ಮೈ ಸುಮ್ಮನಿರುವಾಗ ಖರ್ಚಾಗುವ ಶಕ್ತಿಯಲ್ಲಿ ನೂರಕ್ಕೆ 20ರಷ್ಟು ಅದಕ್ಕೇ ಬೇಕು. ಕಷ್ಟದ ಲೆಕ್ಕ ಬಿಡಿಸಿದರೂ ಇದು ಅಷ್ಟೇನೂ ಏರುವುದಿಲ್ಲ. ಅಂದರೆ ಸುಮ್ನೆ ಕೂತಾಗಲೂ ಅದು ಸುಮ್ಮನಿಲ್ಲ. 2001ರಲ್ಲಿ ಅಮೆರಿಕದ ಮಾರ್ಕಸ್ ರೈಕ್ಲ್ ಮತ್ತು ಜೊತೆಗಾರರು ಇದಕ್ಕೆ ಒಂದು ಹೆಸರು ಕೊಟ್ಟರು. ಕೆಲಸವಿಲ್ಲದಾಗ ಮಿದುಳಿನ ಕೆಲವು ಭಾಗಗಳು ಒಟ್ಟಾಗಿ ಚುರುಕಾಗುತ್ತವೆ. ಇವಕ್ಕೆ ಈಗ ಡೀಫಾಲ್ಟ್ ಮೋಡ್ ಜಾಲ ಎನ್ನುತ್ತಾರೆ. "ನಾನು, ನನ್ನದು, ನನಗೆ ಹಾಗಂದರು, ನಾಳೆ ಹೀಗಾದರೆ" ಎಂಬ ಕಥೆ ಹೆಣೆಯುವಾಗ ಈ ಜಾಲ ಓಡುತ್ತದೆ. ಅದು ಕೆಟ್ಟದ್ದಲ್ಲ. ನೆನಪು, ಮುಂದಿನ ಯೋಜನೆ ಎಲ್ಲಕ್ಕೂ ಅದು ಬೇಕು.

ನಮ್ಮ ಮನಸ್ಸು ಎಷ್ಟು ಹೊತ್ತು ಎಲ್ಲೋ ಇರುತ್ತದೆ ಗೊತ್ತಾ? 2010ರಲ್ಲಿ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬ ಇಬ್ಬರು 2250 ಜನರಿಗೆ ಫೋನಿನಲ್ಲಿ ಆಗಾಗ ಕೇಳಿ ನೋಡಿದರು. ಎಚ್ಚರ ಇರುವ ಹೊತ್ತಿನಲ್ಲಿ ನೂರಕ್ಕೆ ಸುಮಾರು 47 ಪಾಲು ಮನಸ್ಸು ಮಾಡುತ್ತಿದ್ದ ಕೆಲಸದ ಮೇಲೆ ಇರಲಿಲ್ಲ. ಹಾಗೆ ಅಲೆಯುವಾಗ ಜನ ಅಷ್ಟು ಖುಷಿಯಾಗಿಯೂ ಇರಲಿಲ್ಲ. ಹಾಗಾಗಿ ಮನಸ್ಸು ಓಡುವುದು ನಿಮ್ಮೊಬ್ಬರ ರೋಗವಲ್ಲ.

ನನಗೆ ಬಹಳ ಇಷ್ಟವಾದ ಪ್ರಯೋಗ 2012ರದ್ದು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದಲ್ಲಿ ವೆಂಡಿ ಹ್ಯಾಸನ್‌ಕ್ಯಾಂಪ್ ಅವರು ಧ್ಯಾನ ರೂಢಿ ಇದ್ದವರನ್ನು ಸ್ಕ್ಯಾನರಿನಲ್ಲಿ ಮಲಗಿಸಿದರು. ಉಸಿರು ಗಮನಿಸಿ, ಮನಸ್ಸು ಓಡಿಹೋದದ್ದು ತಿಳಿದ ಕೂಡಲೇ ಗುಂಡಿ ಒತ್ತಿ ಎಂದರು. ಓಡಿಹೋದಾಗ ಮೇಲೆ ಹೇಳಿದ ಜಾಲ ಚುರುಕಾಗಿತ್ತು. "ಅರೆ" ಎಂದು ತಿಳಿದ ಗಳಿಗೆಯಲ್ಲಿ ಬೇರೆಯೇ ಒಂದು ಜಾಲ ಎದ್ದಿತು. ಮುಖ್ಯವಾದದ್ದನ್ನು ಗುರುತಿಸಿ ಕೂಗುವ ಕಾವಲುಗಾರನಂಥ ಜಾಲ. ಉಸಿರಿಗೆ ವಾಪಸ್ಸು ಬರುವಾಗ ಮೂರನೆಯದು, ಗಮನವನ್ನು ಹೊರಳಿಸುವ ಜಾಲ.

ಇದನ್ನು ಓದಿದ ಮೇಲೆ ನಾನು ಕಲಿಸುವ ರೀತಿಯೇ ಬದಲಾಯಿತು. ಗರಡಿಮನೆಯಲ್ಲಿ ಕಲ್ಲು ಎತ್ತಿದಾಗ ತೋಳು ಬಲಿಯುತ್ತದೆ. ಇಲ್ಲಿ "ಅರೆ" ಅನ್ನುವುದೇ ಕಲ್ಲು ಎತ್ತಿದ ಹಾಗೆ. ಮನಸ್ಸು ಓಡದಿದ್ದರೆ ಎತ್ತಲು ಕಲ್ಲೇ ಇಲ್ಲ.

ಇನ್ನೊಂದನ್ನೂ ಪ್ರಾಮಾಣಿಕವಾಗಿ ಹೇಳಬೇಕು. "ಎಂಟು ವಾರದಲ್ಲಿ ಮಿದುಳು ದಪ್ಪ ಆಗುತ್ತದೆ" ಎಂದು ಎಲ್ಲೆಡೆ ಬರೆಯುತ್ತಾರೆ. 2011ರ ಒಂದು ಸಣ್ಣ ಅಧ್ಯಯನದಲ್ಲಿ ಅಂಥ ಸುಳಿವು ಸಿಕ್ಕಿದ್ದು ನಿಜ. ಆದರೆ 2022ರಲ್ಲಿ ವಿಸ್ಕಾನ್ಸಿನ್ನಿನ ವಿಜ್ಞಾನಿಗಳು 200ಕ್ಕೂ ಹೆಚ್ಚು ಜನರನ್ನಿಟ್ಟುಕೊಂಡು ಇನ್ನೂ ಕಟ್ಟುನಿಟ್ಟಾಗಿ ನೋಡಿದಾಗ ಎಂಟು ವಾರಕ್ಕೆ ಅಂಥ ಬದಲಾವಣೆ ಕಾಣಲಿಲ್ಲ. ಹಾಗೆಯೇ "ಆಲ್ಫಾ ತರಂಗ" ಎಂದು ಹೇಳಿ ಕೋರ್ಸ್ ಮಾರುವವರಿದ್ದಾರೆ. ಜರ್ಮನಿಯ ಹ್ಯಾನ್ಸ್ ಬರ್ಗರ್ 1929ರಲ್ಲಿ ಇದನ್ನು ಮೊದಲು ಪ್ರಕಟಿಸಿದರು. ಸೆಕೆಂಡಿಗೆ 8ರಿಂದ 13 ಸಲ ಏಳುವ ಈ ಅಲೆ ಸುಮ್ನೆ ಕಣ್ಣು ಮುಚ್ಚಿ ಕೂತರೂ ಹೆಚ್ಚಿನವರಲ್ಲಿ ಬರುತ್ತದೆ. ಅದಕ್ಕೆ ಫೀಸು ಬೇಕಿಲ್ಲ. 1961ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಆನಂದ್, ಛೀನಾ ಮತ್ತು ಸಿಂಗ್ ಕೆಲವು ಯೋಗಿಗಳಲ್ಲಿ ಕಂಡದ್ದು ಬೇರೆ. ಜೋರು ಸದ್ದು, ಬೆಳಕು ಬಂದರೆ ನಮ್ಮ ನಿಮ್ಮ ಆಲ್ಫಾ ಅಲೆ ಕದಡುತ್ತದೆ. ಸಮಾಧಿಯಲ್ಲಿದ್ದ ಅವರದ್ದು ಕದಡಲಿಲ್ಲ.

ಉಸಿರು ಒಗ್ಗದವರಿಗೆ

ಕೆಲವರಿಗೆ ಉಸಿರು ನೋಡಿದರೆ ಉಸಿರುಗಟ್ಟುತ್ತದೆ. ಬಲವಂತ ಬೇಡ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್ ಬಾಳಿದ ಊರುಗಳು ನಮ್ಮವು. ತಂಬೂರಿ ಇಲ್ಲಿ ಯಾರಿಗೆ ಹೊಸದು? ಫೋನಿನಲ್ಲಿ ತಂಬೂರಿಯ ಶ್ರುತಿ ಹಾಕಿ. ತಂತಿ ಮೀಟಿದ ಸದ್ದು ಏಳುತ್ತದೆ, ಅದರೊಳಗಿಂದ ಬೇರೆ ಸ್ವರಗಳು ಹೊಮ್ಮುತ್ತವೆ, ಮೆಲ್ಲಗೆ ಇಳಿಯುತ್ತದೆ. ಅದು ಪೂರ್ತಿ ಕರಗುವವರೆಗೆ ಬೆನ್ನು ಹತ್ತಿ. ಅದೂ ಇಳಿಯುವ ಜೋಕಾಲಿಯೇ, ಕಿವಿಗೆ ಕೇಳುವಂಥದ್ದು.

ಇಷ್ಟಲಿಂಗ ಅಂಗೈಯಲ್ಲಿಟ್ಟು ಪೂಜೆ ಮಾಡುವ ಮನೆಯವರಿಗೆ ದೃಷ್ಟಿ ನೆಡುವುದು ರೂಢಿ ಇರುತ್ತದೆ. ಅದನ್ನೇ ಮುಂದುವರಿಸಿ. ಒಂದೇ ಕಡೆ ನೆಟ್ಟು ನೋಡಿದಾಗ ಸುತ್ತಲಿನದು ಮಸುಕಾಗಿ ಮಾಯವಾದಂತೆ ಕಾಣಬಹುದು. 1804ರಲ್ಲೇ ಟ್ರಾಕ್ಸ್‌ಲರ್ ಎಂಬವರು ಇದನ್ನು ಬರೆದಿಟ್ಟಿದ್ದಾರೆ. ಬದಲಾಗದ ಚಿತ್ರಕ್ಕೆ ಕಣ್ಣು ಮತ್ತು ಮಿದುಳು ಸ್ಪಂದಿಸುವುದನ್ನು ಕಡಿಮೆ ಮಾಡುತ್ತವೆ, ಅದಕ್ಕೇ ಹಾಗಾಗುತ್ತದೆ. ಹೆದರಬೇಡಿ, ಅದನ್ನೇ ಸಾಧನೆ ಎಂದೂ ತಿಳಿಯಬೇಡಿ. ಪೂಜೆಯ ಬೆಲೆ ಇದರಿಂದ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಯಾವಾಗ ನಿಲ್ಲಿಸಬೇಕು

ಕೂತಾಗಲೆಲ್ಲ ಹಳೆಯ ಆಘಾತ ಕಣ್ಣ ಮುಂದೆ ಬರುತ್ತಿದ್ದರೆ, ನಿದ್ದೆ ಹೋದರೆ, ಇಲ್ಲದ ದನಿ ಕೇಳಿಸಿದರೆ, ಸಾಯುವ ವಿಚಾರ ಬಂದರೆ ಧ್ಯಾನ ಅಲ್ಲಿಗೇ ನಿಲ್ಲಿಸಿ ಡಾಕ್ಟರನ್ನು ನೋಡಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಬಿಪಿ, ಮಾನಸಿಕ ಕಾಯಿಲೆಯ ಗುಳಿಗೆಗಳನ್ನು ಧ್ಯಾನ ಶುರು ಮಾಡಿದೆ ಎಂದು ಬಿಡಲೇಬೇಡಿ.

ಏಳುವುದು

ಅಲಾರಂ ಆದ ಕೂಡಲೇ ಎದ್ದು ನಿಲ್ಲಬೇಡಿ. ಕಾಲು ಜೋಮು ಹಿಡಿದಿರುತ್ತದೆ, ನರ ಅದುಮಿಕೊಂಡದ್ದಕ್ಕೆ. ಕಾಲು ಚಾಚಿ, ಪಾದ ಆಡಿಸಿ, ಒಂದು ನಿಮಿಷ ಬಿಟ್ಟು ಏಳಿ. ಆಮೇಲೆ ಒಂದು ಸಣ್ಣ ನೋಟುಬುಕ್ಕಿನಲ್ಲಿ ಒಂದೇ ಅಂಕಿ ಬರೆಯಿರಿ: ಇವತ್ತು ಎಷ್ಟು ಸಲ "ಅರೆ" ಎಂದು ತಿಳಿಯಿತು. ಅಂದಾಜು ಸಾಕು. ಮೂರು ವಾರ ಬಿಡದೆ ಮಾಡಿ, ಆಮೇಲೆ 10 ನಿಮಿಷವನ್ನು 15 ಮಾಡಬಹುದು.

ಹಾವೇರಿಯ ಆ ಹುಡುಗ ಮೂರನೇ ವಾರ ಮನೆಗೆ ಬಂದ. ಮುಖ ಸಪ್ಪಗಿತ್ತು. ಬುಕ್ಕು ತೆರೆದು ತೋರಿಸಿದ. ಮೊದಲ ದಿನ 2 ಅಂತ ಇತ್ತು. ಆವತ್ತು ಬೆಳಿಗ್ಗೆ ಬರೆದದ್ದು 11.

"ಜಾಸ್ತಿ ಆಗೈತ್ರಿ ಮೇಡಂ. ಹನ್ನೊಂದ್ ಸಲ ಓಡಿ ಹೋಗೈತ್ರಿ."

"ಮೊದಲನೇ ದಿನ ಎಷ್ಟ ಸಲ ಓಡಿತ್ತು?"

"ಎರಡ..." ಎಂದವನು ತಡೆದ. ಬುಕ್ಕನ್ನೇ ನೋಡುತ್ತಾ ನಿಂತ. "ಆವತ್ತ ಓಡಿದ್ದು ನನಗ ಗೊತ್ತ ಆಗಿದ್ದಿಲ್ರಿ."